ಅರಬರು ಬಂದ ಮೇಲೇ ಅಲ್ವಾ ಪಶ್ಚಿಮ ಆಫ್ರಿಕಾದಲ್ಲಿ ರಾಜ್ಯ ಹುಟ್ಟಿದ್ದು?

ಓದುಗರ ಪ್ರಶ್ನೆ: ಅರಬ್ ವ್ಯಾಪಾರಿಗಳು ಸಹಾರಾ ದಾಟಿ ಬಂದರು, ಜೊತೆಗೆ ಇಸ್ಲಾಂ ಬಂತು, ಆಮೇಲೆ ಘಾನಾದಂಥ ರಾಜ್ಯಗಳು ಹುಟ್ಟಿದವು. ಸರಿ ಅಲ್ವಾ?

ಸರಿಯಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಿಬಿಟ್ಟಿದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಮಾಲಿ ದೇಶದಲ್ಲಿ, ನೈಜರ್ ನದಿಯ ನೆರೆ ಹರಿಯುವ ಬಯಲಿನಲ್ಲಿ ಜೆನ್ನೆ-ಜೆನೊ ಎಂಬ ದಿಬ್ಬವಿದೆ. 1977ರಲ್ಲಿ ಅದನ್ನು ಅಗೆದು ನೋಡಿದರು. ಕ್ರಿ.ಪೂ. 250ರ ಸುಮಾರಿಗೇ ಅಲ್ಲಿ ಜನ ನೆಲೆಸಿದ್ದರು. ಪೈಗಂಬರರು ಹುಟ್ಟುವುದಕ್ಕೂ ಎಂಟು ನೂರು ವರ್ಷ ಮೊದಲು! ಆ ಬಯಲಿನಲ್ಲಿ ಕಬ್ಬಿಣದ ಅದಿರು ಸಿಗುವುದಿಲ್ಲ. ಆದರೂ ಊರಿನವರ ಕೈಯಲ್ಲಿ ಕಬ್ಬಿಣವಿತ್ತು, ಆಮೇಲೆ ತಾಮ್ರವೂ ಬಂತು. ಅಂದರೆ ದೂರದಿಂದ ಸರಕು ತರಿಸುತ್ತಿದ್ದರು. ಬದಲಿಗೆ ಕೊಡಲಿಕ್ಕೆ ಅವರ ಹತ್ತಿರ ಭತ್ತವಿತ್ತು, ಮೀನಿತ್ತು. ಇದು ವ್ಯಾಪಾರವಲ್ಲದೆ ಮತ್ತೇನು?

ಇನ್ನೂ ಹಿಂದೆ ಹೋಗೋಣ. ಮಾರಿಟೇನಿಯಾದ ಧಾರ್ ಟಿಶಿಟ್‌ನಲ್ಲಿ ಮೂರು ಸಾವಿರ ವರ್ಷಕ್ಕಿಂತ ಹಳೆಯ ಕಲ್ಲಿನ ಹಳ್ಳಿಗಳಿವೆ. ಅಲ್ಲಿಯ ಜನ ದನ ಸಾಕುತ್ತಿದ್ದರು, ಸಜ್ಜೆ ಬೆಳೆಯುತ್ತಿದ್ದರು. ನಾವು ರೊಟ್ಟಿ ತಟ್ಟುವ ಸಜ್ಜೆಯ ತವರೂ ಪಶ್ಚಿಮ ಆಫ್ರಿಕಾವೇ.

ಈಗ ಘಾನಾಕ್ಕೆ ಬರೋಣ. ಇದು ಇವತ್ತಿನ ಘಾನಾ ದೇಶವಲ್ಲ. ಇನ್ನೂ ಉತ್ತರಕ್ಕೆ ಸೋನಿಂಕೆ ಜನ ಕಟ್ಟಿದ ರಾಜ್ಯ, ಅವರ ಬಾಯಲ್ಲಿ ವಗಾದು. 8ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್-ಫಜಾರಿ ಎಂಬ ಖಗೋಳ ಪಂಡಿತ ಇದನ್ನು ಚಿನ್ನದ ನಾಡು ಎಂದು ಕರೆದಿದ್ದ. ಒಂಟೆ ಮೇಲೆ ಉಪ್ಪು ಹೇರಿಕೊಂಡು ವಾರಗಟ್ಟಲೆ ಮರಳುಗಾಡು ದಾಟುವುದು ಸುಮ್ನೆ ಮಾತಲ್ಲ. ಆಚೆ ಕಡೆ ಸಂತೆ, ಕಾವಲು, ಚಿನ್ನದ ಮೇಲೆ ಹಿಡಿತವಿರುವ ದೊರೆ ಇದ್ದರೆ ತಾನೇ ವ್ಯಾಪಾರಿ ಹೊರಡುವುದು? ರಾಜ್ಯವಿತ್ತು, ಅದಕ್ಕೇ ಅವರು ಬಂದರು.

ಹಾಗಾದರೆ ವ್ಯಾಪಾರ, ಧರ್ಮ ಏನೂ ಮಾಡಲಿಲ್ಲವೇ? ಮಾಡಿದವು. ಸ್ಪೇನಿನ ಕೊರ್ಡೋವಾದ ಭೂಗೋಳ ಪಂಡಿತ ಅಲ್-ಬಕ್ರಿ ಅಲ್ಲಿಗೆ ಹೋಗಿರಲಿಲ್ಲ, ಹೋಗಿ ಬಂದವರಿಂದ ಕೇಳಿ 1068ರಲ್ಲಿ ಎಲ್ಲ ಬರೆದಿಟ್ಟ. ಘಾನಾದ ರಾಜಧಾನಿ ಅಂದರೆ ಎರಡು ಊರು, ನಡುವೆ ಆರು ಮೈಲಿ. ಒಂದು ಮುಸ್ಲಿಮರದು, 12 ಮಸೀದಿಗಳಿದ್ದವು. ಇನ್ನೊಂದು ರಾಜನದು. ಅದರ ಸುತ್ತ ದೇವರ ಕಾಡು, ಅದಕ್ಕೆ ಕಾವಲು, ಹೊರಗಿನವರಿಗೆ ಪ್ರವೇಶವಿಲ್ಲ. ರಾಜ ಹಳೆಯ ದೈವಗಳನ್ನು ಬಿಟ್ಟಿರಲಿಲ್ಲ. ಆದರೆ ಅವನ ಖಜಾಂಚಿ, ದುಭಾಷಿಗಳು, ಬಹುಪಾಲು ಮಂತ್ರಿಗಳು ಮುಸ್ಲಿಮರು. ಓದುಬರಹ, ಲೆಕ್ಕ ಬಲ್ಲವರು ಅವರು, ರಾಜನಿಗೆ ಬೇಕಾಗಿದ್ದದ್ದೂ ಅದೇ. ಒಂದು ಕತ್ತೆ ಹೊರೆ ಉಪ್ಪು ಒಳಗೆ ಬಂದರೆ ಒಂದು ದಿನಾರ್ ಸುಂಕ, ಹೊರಗೆ ಹೋದರೆ ಎರಡು. ಗಣಿಯಲ್ಲಿ ಸಿಕ್ಕ ಚಿನ್ನದ ಗಟ್ಟಿ ರಾಜನಿಗೆ, ಪುಡಿ ಜನರಿಗೆ. ಹೊಸ ವ್ಯಾಪಾರದಿಂದ ರಾಜ್ಯ ಬಲಿಯಿತು, ಹುಟ್ಟಿದ್ದು ಅದರಿಂದಲ್ಲ.

ನೀವು ಕೇಳಿಲ್ಲ, ಆದರೂ ಇನ್ನೊಂದು ವಿಷಯ ಹೇಳಲೇಬೇಕು. ಅಲ್-ಬಕ್ರಿ ಬರೆಯುವಾಗ ಪಟ್ಟದಲ್ಲಿದ್ದವನು ತುಂಕಾ ಮನಿನ್. 1063ರಲ್ಲಿ ಅವನಿಗೆ ಪಟ್ಟ ಬಂದದ್ದು ಅಪ್ಪನಿಂದಲ್ಲ, ಸೋದರಮಾವ ಬಸಿಯಿಂದ. ಅಲ್ಲಿ ರಾಜನ ಮಗ ರಾಜನಾಗುತ್ತಿರಲಿಲ್ಲ, ಅಕ್ಕತಂಗಿಯರ ಮಗ ಆಗುತ್ತಿದ್ದ. ತುಳುನಾಡಿನವರಿಗೆ ಅಳಿಯಸಂತಾನ ಎಂದರೆ ಸಾಕು, ಬೇರೆ ವಿವರಣೆ ಬೇಡ. 1352ರಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಸಹಾರಾ ದಾಟಿ ವಲಾಟಾ ಊರಿಗೆ ಬಂದಾಗ ಅಲ್ಲೂ ಆಸ್ತಿ ಸೋದರಳಿಯನಿಗೇ ಹೋಗುತ್ತಿತ್ತು. ಲೋಕದಲ್ಲಿ ಇಂಥದ್ದನ್ನು ಮಲಬಾರ್ ಬಿಟ್ಟರೆ ಬೇರೆಲ್ಲೂ ಕಾಣಲಿಲ್ಲ ಎಂದು ಅವನು ಬರೆದ. ಅವನ ಲೆಕ್ಕದ ಮಲಬಾರ್ ಶುರುವಾಗುವುದು ಗೋವಾದಿಂದ. ಬಾರ್ಕೂರು, ಮಂಗಳೂರು ಎರಡೂ ಅದರೊಳಗೇ ಬರುತ್ತವೆ, ಅವನು ಎರಡೂ ಊರುಗಳನ್ನು ಕಣ್ಣಾರೆ ನೋಡಿದ್ದ.