ಗಾಳಿಯೇ ಇಲ್ಲದ ಕಡೆ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ

ತೈಲ ಬಾವಿಯಿಂದ ಎಣ್ಣೆಯ ಜೊತೆ ನೀರೂ ಮೇಲೆ ಬರುತ್ತದೆ. ಕೆಲವು ಕಡೆ ಆ ನೀರು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಅದು ಹೈಡ್ರೋಜನ್ ಸಲ್ಫೈಡ್. ನೆಲದ ಆಳದಲ್ಲಿ ಅದು ಹುಟ್ಟುವುದು ಹೇಗೆ? 1926ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಭೂವಿಜ್ಞಾನಿ ಎಡ್ಸನ್ ಬ್ಯಾಸ್ಟಿನ್ ಬ್ಯಾಕ್ಟೀರಿಯಾ ಕಡೆ ಕೈ ತೋರಿಸಿದರು. ಆಕ್ಸಿಜನ್ ಬದಲು ನೀರಿನಲ್ಲಿ ಕರಗಿದ ಸಲ್ಫೇಟ್ ಬಳಸಿ, ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ಬದುಕುವ ಜೀವಿಗಳು ಅವು. ಹಾಗಾದರೆ ಅವು ತಿನ್ನುವುದು ಎಣ್ಣೆಯನ್ನೇ ಇರಬಹುದಲ್ವಾ?

ಈ ಮಾತನ್ನು ಬಹಳ ಜನ ಒಪ್ಪಲಿಲ್ಲ. ಅನುಮಾನಕ್ಕೆ ಕಾರಣವೂ ಇತ್ತು. ಎಣ್ಣೆಯ ಮುಖ್ಯ ಭಾಗವಾದ ಹೈಡ್ರೋಕಾರ್ಬನ್ನಿನಲ್ಲಿ ಇರುವುದು ಬರೀ ಕಾರ್ಬನ್ ಮತ್ತು ಹೈಡ್ರೋಜನ್. ಅವುಗಳ ಹಿಡಿತ ಬಲು ಗಟ್ಟಿ. 1955ರಲ್ಲಿ ಗಾಳಿಯ ಆಕ್ಸಿಜನ್ನನ್ನು ನೇರವಾಗಿ ಅಣುವಿಗೆ ಸೇರಿಸುವ ಕಿಣ್ವಗಳು ಪತ್ತೆಯಾದ ಮೇಲಂತೂ, ಗಾಳಿ ಇಲ್ಲದೆ ಈ ಕೆಲಸ ಆಗದು ಎಂಬ ನಂಬಿಕೆ ಇನ್ನೂ ಬಿಗಿಯಾಯಿತು.

ಅದನ್ನು ಅಲುಗಾಡಿಸಿದ್ದು 1986ರ ಒಂದು ಪ್ರಯೋಗ. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟವಾದ ಭಾಗ ಇದೇ. ಸ್ಟ್ಯಾನ್‌ಫರ್ಡ್‌ನ ವೋಗೆಲ್ ಮತ್ತು ಗ್ರಬಿಚ್-ಗಾಲಿಚ್ ಗಾಳಿ ತೆಗೆದ ಬಾಟಲಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಕಚ್ಚಾ ತೈಲದಲ್ಲಿರುವ ಬೆಂಜೀನ್ ಮತ್ತು ಟೊಲ್ಯೂಯೀನ್ ಎಂಬ ಹೈಡ್ರೋಕಾರ್ಬನ್‌ಗಳನ್ನು ಕೊಟ್ಟರು. ನೀರು ಮಾತ್ರ ಮಾಮೂಲಿಯದಲ್ಲ, ಅದರಲ್ಲಿದ್ದದ್ದು ಭಾರದ ಆಕ್ಸಿಜನ್-18. ಬೆಂಜೀನ್ ಒಡೆಯುವಾಗ ಸಿಕ್ಕ ಫೀನಾಲಿನಲ್ಲಿ ಅದೇ ಆಕ್ಸಿಜನ್ ಕಾಣಿಸಿತು. ಅಂದರೆ ಬಂದದ್ದು ಗಾಳಿಯಿಂದಲ್ಲ, ನೀರಿನಿಂದ.

1991ರಲ್ಲಿ ಜರ್ಮನಿಯ ಫ್ರೀಡ್ರಿಶ್ ವಿಡ್ಡೆಲ್ ತಂಡ ಇನ್ನೂ ಮುಂದೆ ಹೋಯಿತು. 16 ಕಾರ್ಬನ್ನುಗಳ ಹೆಕ್ಸಾಡೆಕೇನ್ ತಿಂದು, ಸಲ್ಫೇಟ್ ಬಳಸಿ ಬೆಳೆಯುವ ಒಂದೇ ಬಗೆಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿತು. ಆಮೇಲೆ ಸುಮ್ನೆ ಅಲ್ಲಗಳೆಯುವುದು ಕಷ್ಟವಾಯಿತು.

ಮೊದಲ ಹೆಜ್ಜೆಯ ಗುಟ್ಟು ಬಿಚ್ಚಿದ್ದು 1996ರಲ್ಲಿ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಕೋಶದಲ್ಲೇ ಇರುವ ಫ್ಯೂಮರೇಟ್ ಎಂಬ ಸಣ್ಣ ಅಣುವನ್ನು ಒಂದು ಕಿಣ್ವದಿಂದ ಟೊಲ್ಯೂಯೀನ್‌ಗೆ ಅಂಟಿಸುತ್ತವೆ. ಹೀಗೆ ಹಿಡಿ ಸಿಕ್ಕಿದ ಮೇಲೆ ಉಳಿದದ್ದನ್ನು ಮುರಿಯುವುದು ಸುಲಭ. ಆ ಕಿಣ್ವಕ್ಕೆ ಆಕ್ಸಿಜನ್ ತಾಗಿದರೆ ಅದೇ ಹಾಳಾಗುತ್ತದೆ! 1999ರಲ್ಲಿ ಹೆಕ್ಸಾಡೆಕೇನನ್ನು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳ ಗುಂಪೂ ಸಿಕ್ಕಿತು.

ಇದರ ಬೆಲೆ ಅಮೆರಿಕದ ಮಿನ್ನೆಸೋಟ ರಾಜ್ಯದ ಬೆಮಿಡ್ಜಿ ಬಳಿ ಕಾಣುತ್ತದೆ. 1979ರಲ್ಲಿ ಅಲ್ಲಿ ಪೈಪ್‌ಲೈನ್ ಒಡೆದು ಕಚ್ಚಾ ತೈಲ ನೆಲಕ್ಕಿಳಿಯಿತು. ಬೆಂಜೀನ್ ಅಂತರ್ಜಲದ ಜೊತೆ ಇನ್ನೂ ಎಷ್ಟೋ ದೂರ ಹೋಗಬೇಕಿತ್ತು. ಮಣ್ಣಿನ ಕಬ್ಬಿಣವನ್ನು ಆಕ್ಸಿಜನ್ ಬದಲಿಗೆ ಬಳಸುವ ಬ್ಯಾಕ್ಟೀರಿಯಾಗಳು ಅದನ್ನು ದಾರಿಯಲ್ಲೇ ತಿನ್ನುತ್ತಾ ಬಂದಿವೆ. ಆದರೆ ಬಳಕೆಗೆ ಸಿಗುವ ಕಬ್ಬಿಣ ತೀರಿದ ಕಡೆ ಕೆಟ್ಟ ನೀರು ನಿಧಾನವಾಗಿ ಮುಂದೆ ಸರಿಯುತ್ತದೆ. ಅದಕ್ಕೇ ವಿಜ್ಞಾನಿಗಳು ಅಲ್ಲಿ ವರ್ಷ ವರ್ಷವೂ ನೀರು ತೆಗೆದು ಪರೀಕ್ಷೆ ಮಾಡುತ್ತಿದ್ದಾರೆ.