ಚರ್ಚ್‌ನವರ ಜೊತೆ ಮಕ್ಕಳಿಗೆ ಊಟ ಹಾಕಲು ನಾನೂ ಹೋಗಬಹುದಾ?

ಪ್ರಶ್ನೆ: ನಾವು ರಾಯಚೂರಿನವರು, ಚರ್ಚ್‌ಗೆ ಹೋಗುವ ಮನೆಯವರಲ್ಲ. ನಮ್ಮ ಓಣಿ ಹತ್ತಿರದ ಚರ್ಚ್‌ನವರು ರಜೆ ದಿನ ಮಕ್ಕಳಿಗೆ ಊಟ ಹಾಕುತ್ತಾರೆ. ನನಗೂ ಹೋಗಬೇಕು ಅನಿಸಿದೆ. ಸೇರಿಸಿಕೊಳ್ತಾರಾ? ಶಾಲೆಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಸಿಗುತ್ತದಲ್ಲ, ಮತ್ತೆ ಇದು ಯಾಕೆ ಬೇಕು?

ಸೇರಿಸಿಕೊಳ್ತಾರೆ. ನಾನೂ ಚರ್ಚ್‌ನವಳಲ್ಲ, ಆದರೂ ಇಂಥದ್ದೇ ಒಂದು ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾ ಕೆಲವು ವರ್ಷ ಆಯಿತು. ನೀವು ಯಾವ ಜನ ಅಂತ ಅಲ್ಲಿ ಯಾರೂ ಕೇಳಿಲ್ಲ, ಮುಂದಿನ ವಾರ ಬರ್ತೀರಲ್ವಾ ಅಂತ ಮಾತ್ರ ಪ್ರತಿ ವಾರ ಕೇಳುತ್ತಾರೆ.

ಇನ್ನು ಬಿಸಿಯೂಟದ ಮಾತು. ರಾಜ್ಯದಲ್ಲಿ ಅದು ಶುರುವಾದದ್ದೇ ನಮ್ಮ ಕಡೆಯಿಂದ. 2002ರಲ್ಲಿ ಅಕ್ಷರ ದಾಸೋಹ ಬಂದಾಗ ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಇದ್ದವು. 2021ರ ಡಿಸೆಂಬರ್‌ನಲ್ಲಿ ಶಾಲೆಗೆ ಮೊಟ್ಟೆ ಬಂದಾಗಲೂ ಈ ಭಾಗಕ್ಕೇ ಮೊದಲು, ಯಾಕೆಂದರೆ ಸೊರಗಿದ ಮಕ್ಕಳು ಇಲ್ಲೇ ಜಾಸ್ತಿ. ಎಲ್ಲದರಲ್ಲೂ ಮೊದಲ ಸಾಲಿನಲ್ಲಿ ಇರುವುದು ಖುಷಿಯ ವಿಷಯ ಅಲ್ಲ ಅಂತ ಇಂಥ ಪಟ್ಟಿ ನೋಡಿದಾಗ ಗೊತ್ತಾಗುತ್ತದೆ.

ಯೋಜನೆ ಒಳ್ಳೆಯದೇ, ಅದನ್ನು ಆಡಿಕೊಳ್ಳುವ ಮಾತಿಲ್ಲ. ಆದರೆ ಅದು ಶಾಲೆ ತೆರೆದಿರುವ ದಿನದ ಒಂದು ಹೊತ್ತಿನ ಊಟ. ಐತವಾರ ಇಲ್ಲ, ದಸರಾ ರಜೆಯಲ್ಲಿ ಇಲ್ಲ, ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬಿಸಿಲು ನಲವತ್ತು ದಾಟಿ ಕೂಲಿಯೂ ಸಿಗದ ದಿನಗಳಲ್ಲಿ ಸಾಮಾನ್ಯವಾಗಿ ಇಲ್ಲ. 2024ರಂಥ ಬರದ ವರ್ಷ ಬೇಸಿಗೆ ರಜೆಯಲ್ಲೂ ಕೊಟ್ಟಿದ್ದುಂಟು, ಅದು ಬೇರೆ ಮಾತು. ಇದರ ಮೇಲೆ ಗುಳೆ. ಸುಗ್ಗಿ ಮುಗಿದರೆ ದೇವದುರ್ಗ, ಲಿಂಗಸುಗೂರು, ಮಸ್ಕಿ ಕಡೆಯಿಂದ ಗಂಡ ಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನು ಅಜ್ಜಿ ಹತ್ತಿರ ಬಿಡುತ್ತಾರೆ ಇಲ್ಲಾ ಜೊತೆಗೇ ಕರೆದುಕೊಂಡು ಹೋಗುತ್ತಾರೆ. ಹೋದ ಮಗುವಿನ ಹೆಸರು ಇಲ್ಲಿನ ಹಾಜರಿಯಲ್ಲಿ ಇರುತ್ತದೆ, ಹೊಟ್ಟೆ ಅಲ್ಲಿ ಇರುತ್ತದೆ. ಹಾಗೇ ಕೂಲಿಗೆ ಅಂತ ನಮ್ಮ ಊರಿಗೆ ಬಂದು ಟೆಂಟ್ ಹಾಕಿಕೊಂಡವರ ಮಕ್ಕಳೂ ಇದ್ದಾರೆ, ಅವರ ಹೆಸರು ಇಲ್ಲಿನ ಯಾವ ಶಾಲೆಯಲ್ಲೂ ಇರಲ್ಲ. ನಿಮ್ಮ ಚರ್ಚ್‌ನವರು ರಜೆ ದಿನ ನೋಡಿ ಊಟ ಹಾಕುತ್ತಾರೆ ಅಂದರೆ ಅವರಿಗೆ ಈ ಲೆಕ್ಕ ಗೊತ್ತಿದೆ ಅಂತ ಅರ್ಥ.

ಮನೆಯಲ್ಲಿ ಯಾರಾದರೂ ಚರ್ಚ್ ಅಂದಕೂಡಲೇ ಹುಬ್ಬು ಏರಿಸಿದರೆ ಕೊಪ್ಪಳದ ಗವಿಮಠದ ಜಾತ್ರೆ ನೆನಪಿಸಿ. ಹಳ್ಳಿ ಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಬರುತ್ತದಲ್ಲ, ಇದೂ ಅದೇ ಜಾತಿಯ ಕೆಲಸ. ಮಿಜೋರಾಂನ ಚರ್ಚ್‌ಗಳಲ್ಲಿ 1910ರಿಂದ ಹಿಡಿ ಅಕ್ಕಿಯ ಪದ್ಧತಿ ಇದೆ, ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ಚರ್ಚ್‌ಗೆ ಕೊಡುವುದು. ಕ್ಯಾಥೊಲಿಕರಲ್ಲಿ ಅನೇಕರು ಈಸ್ಟರ್‌ಗೆ ಮುಂಚಿನ ನಲವತ್ತು ದಿನ ಮಾಂಸ ಬಿಟ್ಟು ಉಪವಾಸ ಮಾಡಿ ಉಳಿದ ದುಡ್ಡನ್ನು ಬಡವರಿಗೆ ಎತ್ತಿಡುತ್ತಾರೆ. ಆ ದುಡ್ಡು ಒಟ್ಟಾಗುವ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಹತ್ತಿರ ಬಂದಿರುತ್ತದೆ. ಅಂದಹಾಗೆ ಕ್ರೈಸ್ತರು ಈ ನೆಲಕ್ಕೆ ಹೊಸಬರೂ ಅಲ್ಲ, ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಇದ್ದಾರೆ.

ಒಂದು ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ. ಊಟಕ್ಕೆ ಮುಂಚೆ ಅವರು ಸಣ್ಣ ಪ್ರಾರ್ಥನೆ ಮಾಡುತ್ತಾರೆ, ನೀವು ಸುಮ್ನೆ ನಿಂತರೆ ಸಾಕು. ಆದರೆ ಪ್ರಾರ್ಥನೆಗೆ ಕೂರದ ಮಗುವಿಗೂ ತಟ್ಟೆ ಸಿಗುತ್ತದಾ? ಇಲ್ಲ ಅಂದರೆ ಆ ಜಾಗ ಬಿಡಿ. ಮಠ ಆದರೂ, ದರ್ಗಾ ಆದರೂ ನಾನು ಇದನ್ನೇ ಹೇಳುತ್ತಿದ್ದೆ. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು ಇಟ್ಟಿರುತ್ತಾರಾ ಅಂತಲೂ ಕೇಳಿ. ಮಕ್ಕಳು ಉಣ್ಣುವಾಗ ಫೋಟೊ ತೆಗೆದು ಸ್ಟೇಟಸ್ ಹಾಕಬೇಡಿ, ಯಾರೇ ತೆಗೆದರೂ ಬೇಡ ಅನ್ನಿ.

ಕೆಲಸ ಅಂದರೆ ಬಡಿಸುವುದು ಅಂದುಕೊಂಡಿದ್ದರೆ ಮರೆತುಬಿಡಿ. ಬಡಿಸಲು ಹತ್ತು ಜನ ಇರುತ್ತಾರೆ, ಅನ್ನ ತಳ ಹಿಡಿದ ಪಾತ್ರೆ ತಿಕ್ಕಲು ಒಬ್ಬರೂ ಸಿಗಲ್ಲ, ಅಲ್ಲಿಗೆ ಹೋಗಿ ನಿಂತರೆ ಮೊದಲ ದಿನವೇ ನೀವು ಅವರ ಮನೆಯವರಾಗುತ್ತೀರಿ. ಅಳತೆಗೆ ಬಿಸಿಯೂಟದ ಲೆಕ್ಕವೇ ಸಾಕು, ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಅದಕ್ಕೂ ದೊಡ್ಡ ತರಗತಿಯ ಮಕ್ಕಳಿಗೆ ಇದರ ಒಂದೂವರೆ ಪಟ್ಟು. ಅಂದರೆ ಐವತ್ತು ಸಣ್ಣ ಮಕ್ಕಳಿಗೆ ಐದು ಕೆಜಿ ಅಕ್ಕಿ, ಒಂದು ಕೆಜಿ ಬೇಳೆ. ನಾವು ಬೇಳೆ ಒಂದೂವರೆ ಕೆಜಿ ಹಾಕುತ್ತೇವೆ, ನೀರು ಸಾರಿನಲ್ಲಿ ಬರೀ ಅನ್ನ ತುಂಬಿಸಿ ಕಳಿಸಿದರೆ ಹೊಟ್ಟೆ ತುಂಬುತ್ತದೆ ಅಷ್ಟೇ. ಬೋರ್ ನೀರಿನಲ್ಲಿ ಫ್ಲೋರೈಡ್ ಇರುವ ಕಡೆ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ತನ್ನಿ.

ನಮ್ಮ ಮೊದಲ ಬೇಸಿಗೆಯಲ್ಲಿ ಏನಾಯಿತು ಗೊತ್ತಾ, ಬೆಳಗ್ಗೆ ಎಂಟಕ್ಕೇ ಅಡುಗೆ ಮುಗಿಸಿ ಜಾಣರಂತೆ ಕೂತೆವು. ಒಂದು ಗಂಟೆಗೆ ಮುಚ್ಚಳ ತೆಗೆದರೆ ಸಾರು ಹಳಸಿ ನೊರೆ ಬಂದಿತ್ತು. ಸಾಲಾಗಿ ಕೂತ ಮಕ್ಕಳ ಮುಂದೆಯೇ ಅದನ್ನು ಚೆಲ್ಲಿ ಮತ್ತೆ ಒಲೆ ಹಚ್ಚಿದೆವು. ಈಗ ಬೇಸಿಗೆಯಲ್ಲಿ ಒಲೆಯಿಂದ ನೇರ ತಟ್ಟೆಗೆ.

ಇನ್ನೊಂದು ಗಮನ ಇರಲಿ. ಐದು ವರ್ಷದೊಳಗಿನ ಮಗು ತೀರಾ ಸೊರಗಿದ್ದರೆ, ಎರಡೂ ಪಾದ ಊದಿದ್ದರೆ, ತಟ್ಟೆ ಮುಂದಿದ್ದರೂ ತಿನ್ನದಿದ್ದರೆ ನಮ್ಮ ಅನ್ನ ಸಾರಿನಿಂದ ಅದು ಸರಿಹೋಗಲ್ಲ. ಆಶಾ ಅಥವಾ ಅಂಗನವಾಡಿ ಅಕ್ಕನಿಗೆ ಅದೇ ದಿನ ಹೇಳಿ. ಅವರು ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಾರೆ, ಆರು ತಿಂಗಳು ದಾಟಿದ ಮಗುವಿಗೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಅಂಥ ಮಕ್ಕಳನ್ನು ಇಟ್ಟುಕೊಂಡು ನೋಡಲು ಸರ್ಕಾರಿ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ, ಜೊತೆಗಿರುವ ತಾಯಿಗೆ ಹೋದ ಕೂಲಿಯ ಬದಲು ದುಡ್ಡನ್ನೂ ಕೊಡುತ್ತಾರೆ. ಕೂಲಿ ಹೋಗುತ್ತದೆ ಅಂತಲೇ ಎಷ್ಟೋ ತಾಯಂದಿರು ಆಸ್ಪತ್ರೆ ಕಡೆ ಬರುವುದಿಲ್ಲ, ಹಾಗಾಗಿ ಈ ಕೊನೆಯ ಮಾತನ್ನು ಬಿಡದೆ ಹೇಳಿ.

ಹೋದ ಮೊದಲ ದಿನವೇ ಯಾವುದೋ ಒಂದು ಹುಡುಗಿ ನಿಮ್ಮ ಸೆರಗು ಜಗ್ಗಿ, "ಅಕ್ಕಾ, ಮನ್ಯಾಗ ತಮ್ಮ ಅದಾನ, ಅವ್ನಿಗಿಷ್ಟು ಒಯ್ಲೇನ್ರಿ?" ಅಂತ ಕೇಳುತ್ತಾಳೆ. ಸಾರು ಅನ್ನ ಕೊಟ್ಟು ಕಳಿಸಬೇಡಿ, ಆ ಬಿಸಿಲಿಗೆ ಸಂಜೆ ಹೊತ್ತಿಗೆ ಕೆಡುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ, ಶೇಂಗಾ ಉಂಡಿ ಕೆಡದೆ ತಡೆಯುತ್ತವೆ. ನಾನು ಮನೆಯಿಂದ ಹೋಗುವಾಗ ಇದಕ್ಕೇ ಅಂತ ಒಂದು ಡಬ್ಬಿ ತುಂಬಿಕೊಂಡು ಹೋಗುತ್ತೇನೆ.