ಡರ್ಬಿ ಅನ್ನೋ ಹೆಸರು, ಕುದುರೆಯ ಮೈ

ಜುಲೈನಲ್ಲಿ ಒಂದ್ಸಲ ಆನಂದ ರಾವ್ ಸರ್ಕಲ್ ಕಡೆಯಿಂದ ಆಟೋದಲ್ಲಿ ಬರ್ತಿದ್ದೆ, ರೇಸ್‌ಕೋರ್ಸ್ ರೋಡ್ ಜಾಮ್ ಆಗಿ ಗಾಡಿ ಅಲುಗಾಡ್ತಾನೇ ಇಲ್ಲ. "ಡರ್ಬಿ ಅಲ್ವಾ ಸಾರ್ ಇವತ್ತು, ಇನ್ನರ್ಧ ಗಂಟೆ ಹಿಂಗೇ" ಅಂದ್ರು ಡ್ರೈವರ್. ಆಮೇಲೆ ಅವರೇ "ಅಂದಂಗೆ ಡರ್ಬಿ ಅಂದ್ರೇನು ಸಾರ್?" ಅಂತ ಕೇಳಿದ್ರು. ಯಾವುದೋ ಇಂಗ್ಲೆಂಡಿನ ಊರಿರ್ಬೇಕು ಅಂದ್ಬಿಟ್ಟೆ. ಊರೇನೋ ಇದೆ, ಆದ್ರೆ ರೇಸಿಗೆ ಹೆಸರು ಬಂದಿದ್ದು ಡರ್ಬಿ ಪದವಿಯ 12ನೇ ಅರ್ಲ್ (ಅರ್ಲ್ ಅಂದ್ರೆ ಅಲ್ಲಿನ ಸಾಮಂತ) ಎಡ್ವರ್ಡ್ ಸ್ಮಿತ್-ಸ್ಟ್ಯಾನ್ಲಿ ಅನ್ನೋ ಜಮೀನ್ದಾರನಿಂದ.

1779ರಲ್ಲಿ ಈತ ಲಂಡನ್ ಹತ್ತಿರದ ಎಪ್ಸಮ್‌ನಲ್ಲಿ ಮೂರು ವರ್ಷದ ಹೆಣ್ಣು ಕುದುರೆಗಳಿಗೆ ಅಂತ ಓಕ್ಸ್ ಅನ್ನೋ ರೇಸ್ ಶುರು ಮಾಡ್ದ, ಗೆದ್ದಿದ್ದೂ ಅವನದೇ ಕುದುರೆ. ಮುಂದಿನ ವರ್ಷ ಗಂಡು ಹೆಣ್ಣು ಎರಡೂ ಓಡೋ ಇನ್ನೊಂದು. ಅದಕ್ಕೆ ಯಾರ ಹೆಸರಿಡೋದು ಅಂತ ಇವನೂ ಗೆಳೆಯ ಸರ್ ಚಾರ್ಲ್ಸ್ ಬನ್ಬರಿನೂ ನಾಣ್ಯ ಚಿಮ್ಮಿದ್ರು ಅಂತ ಒಂದು ಕಥೆ, ಡರ್ಬಿಯ ಅರ್ಲ್ ಗೆದ್ದನಂತೆ. ಕಥೆ ಸುಳ್ಳೇ ಇರ್ಬಹುದು, ಆದ್ರೆ ನಾಣ್ಯ ಬನ್ಬರಿ ಕಡೆಗೆ ಬಿದ್ದಿದ್ರೆ ಬೆಂಗಳೂರಲ್ಲಿ ಇವತ್ತು ನಾವು "ಬನ್ಬರಿ ಟ್ರಾಫಿಕ್" ಅಂತ ಬೈಕೋಬೇಕಿತ್ತು. 1780ರ ಮೇ 4ಕ್ಕೆ ಮೊದಲ ಡರ್ಬಿ ಓಡಿದ್ವು ಒಂಬತ್ತು ಕುದುರೆ, ಗೆದ್ದಿದ್ದು ಬನ್ಬರಿಯ ಡೈಯೊಮೆಡ್.

ನನಗೆ ಇಂಟರೆಸ್ಟಿಂಗ್ ಅನ್ಸೋದು ಹೆಸರಿಗಿಂತ ದೂರ. ಅದಕ್ಕೂ ಮುಂಚೆ ಇಂಗ್ಲೆಂಡಲ್ಲಿ ದೊಡ್ಡ ರೇಸ್ ಅಂದ್ರೆ ಬಲಿತ ಕುದುರೆಗಳು ನಾಲ್ಕು ನಾಲ್ಕು ಮೈಲಿ, ಅದೂ ಒಂದೇ ದಿನ ಎರಡು ಮೂರು ಸುತ್ತು ಓಡೋದು, ತಾಳಿಕೆಯದ್ದೇ ಪರೀಕ್ಷೆ. ಡರ್ಬಿ ಮೊದಲು ಒಂದೇ ಮೈಲಿ ಇತ್ತು, 1784ರಲ್ಲಿ ಒಂದೂವರೆ ಆಯ್ತು, ಮೂರೇ ವರ್ಷದ ಕುದುರೆಗೆ ಒಂದೇ ಒಂದು ಚಾನ್ಸು. ದುಡ್ಡೂ ಮರ್ಯಾದೆನೂ ಅಲ್ಲಿದ್ದ ಮೇಲೆ ಬೇಗ ಬಲಿಯೋ, ವೇಗ ದಮ್ಮು ಎರಡೂ ಇರೋ ಕುದುರೆಗಳಿಂದನೇ ಮರಿ ತೆಗೆಸೋಕೆ ಶುರು ಮಾಡಿದ್ರು. ಅಂದ್ರೆ ಕುದುರೆಗೆ ತಕ್ಕಂತೆ ರೇಸ್ ಮಾಡಿದ್ದು ಹೋಗಿ ರೇಸಿಗೆ ತಕ್ಕಂತೆ ಕುದುರೆ ಆಯ್ತು. ಸ್ನಾಯು ಎಷ್ಟು ಬೆಳೀಬೇಕು ಅಂತ ಹಿಡಿತದಲ್ಲಿಡೋ ಮಯೋಸ್ಟ್ಯಾಟಿನ್ ಜೀನ್ ನೋಡಿದ್ರೆ ಇವತ್ತೂ ಅದು ಕಾಣತ್ತೆ: ಒಂದು ರೂಪ ಜೋಡಿಯಾಗಿದ್ರೆ ಗಿಡ್ಡ ಓಟದ ಕುದುರೆ, ಇನ್ನೊಂದು ಜೋಡಿಯಾಗಿದ್ರೆ ದೂರದ್ದು, ಎರಡೂ ಒಂದೊಂದಿದ್ರೆ ಮಧ್ಯದ್ದು. ವಂಶಾನೂ ಹಂಗೇ ಕಿರಿದಾಗೋಯ್ತು. 1704ರಲ್ಲಿ ಸಿರಿಯಾದ ಅಲೆಪ್ಪೋದಿಂದ ತಂದ ಡಾರ್ಲಿ ಅರೇಬಿಯನ್ ಅನ್ನೋ ಒಂದೇ ಗಂಡು ಕುದುರೆಗೆ ಇವತ್ತಿನ ನೂರಕ್ಕೆ ಸುಮಾರು 95 ಗಂಡು ಥರೋಬ್ರೆಡ್‌ಗಳ (ರೇಸಿಗೆ ಅಂತಲೇ ಬೆಳೆಸಿದ ತಳಿ) ತಂದೆ ಕಡೆಯ ಸಾಲು ಹೋಗಿ ಸೇರತ್ತೆ.

ಬೆಳಗಿನ ಟ್ರ್ಯಾಕ್ ವರ್ಕ್ ಮುಗಿಸ್ಕೊಂಡು ಬಂದ ಕುದುರೆ ಪಕ್ಕ ಒಂದ್ಸಲ ನಿಂತಿದ್ದೆ, ಕುದುರೆ ನೋಡ್ಕೊಳ್ಳೋ ಸೈಸ್ ಲಗಾಮು ಹಿಡ್ಕೊಂಡು ಸುತ್ತು ಹಾಕಿಸ್ತಿದ್ರು. ಕತ್ತಿನ ರಕ್ತನಾಳ ಬೆರಳಿನಷ್ಟು ದಪ್ಪ ಎದ್ದಿತ್ತು, ಮೂಗಿನ ಹೊಳ್ಳೆ ಒಳಗೆ ಕೆಂಪಗೆ ಕಾಣೋಷ್ಟು ಅಗಲ, ತೊಡೆ ಸಂದೀಲಿ ಸೋಪಿನ ಥರ ಬಿಳಿ ನೊರೆ. ಆ ನೊರೆ ಕೊಳೆ ಅಲ್ಲ, ಬೆವರಲ್ಲಿ ಲ್ಯಾಥರಿನ್ ಅನ್ನೋ ಪ್ರೋಟೀನ್ ಇದೆ, ಅದರಿಂದನೇ ಬೆವರು ಕೂದಲಲ್ಲಿ ಹರಡಿ ಬೇಗ ಆರತ್ತೆ. ಕುದುರೆ ಉಸಿರಾಡೋದು ಮೂಗಲ್ಲಿ ಮಾತ್ರ, ನಾಗಾಲೋಟದಲ್ಲಿ ಒಂದು ದಾಪಿಗೆ ಒಂದೇ ಉಸಿರು. ನಿಂತಾಗ ನಿಮಿಷಕ್ಕೆ 35 ಬಡಿಯೋ ಎದೆ ಓಟದಲ್ಲಿ 220 ದಾಟತ್ತೆ. ಜೊತೆಗೆ ಗುಲ್ಮದಲ್ಲಿ (ಸ್ಪ್ಲೀನ್) ಕೂಡಿಟ್ಟ ಕೆಂಪು ಕಣಗಳನ್ನ ಹಿಂಡಿ ರಕ್ತಕ್ಕೆ ಬಿಡತ್ತೆ, ಕೆಂಪು ಕಣದ ಪಾಲು ನೂರಕ್ಕೆ 40ರ ಆಸುಪಾಸಿಂದ 60ಕ್ಕೆ ಏರತ್ತೆ. ಮನುಷ್ಯ ಕ್ರೀಡಾಪಟು ರಕ್ತ ತೆಗೆದಿಟ್ಟು ಮತ್ತೆ ಹಾಕಿಸ್ಕೊಂಡ್ರೆ ಡೋಪಿಂಗ್ ಅಂತ ಬ್ಯಾನ್ ಮಾಡ್ತಾರೆ, ಇದಕ್ಕೆ ಹುಟ್ಟಿಂದನೇ ಲೈಸೆನ್ಸ್!

ನಮ್ಮ ಕಡೆ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಕುದುರೆ ಸಾಕಿದ್ದು ದಂಡಿಗೆ, ಆಮೇಲೆ ಅದೇ ಜಾಗ ರೇಸ್ ಕುದುರೆ ಫಾರಂ ಆಯ್ತು. ಮುಂಬೈಯಲ್ಲಿ ಇಂಡಿಯನ್ ಡರ್ಬಿ ಶುರುವಾಗಿದ್ದು 1943ರಲ್ಲಿ, 2400 ಮೀಟರ್, ಎಪ್ಸಮ್ಮಿನ ಒಂದೂವರೆ ಮೈಲಿನೇ ಹೆಚ್ಚುಕಮ್ಮಿ.

ಅಂದಂಗೆ ಡೈಯೊಮೆಡ್‌ಗೆ ಆಮೇಲೆ ಇಂಗ್ಲೆಂಡಲ್ಲಿ ಬೆಲೆ ಉಳೀಲಿಲ್ಲ. 1798ರಲ್ಲಿ 21 ವರ್ಷದ ಮುದಿ ಕುದುರೆನ 50 ಗಿನಿಗೆ (ಆಗಿನ ಇಂಗ್ಲಿಷ್ ಚಿನ್ನದ ನಾಣ್ಯ) ಮಾರಿ ಹಡಗು ಹತ್ತಿಸಿದ್ರು. ಅಮೆರಿಕದಲ್ಲಿ ಅದು ಇನ್ನೂ ಹತ್ತು ವರ್ಷ ಬದುಕಿ, ಸರ್ ಆರ್ಚಿಯಂಥ ಮರಿಗಳ ತಂದೆಯಾಗಿ, ಅಲ್ಲಿನ ರೇಸ್ ವಂಶಕ್ಕೇ ಅಜ್ಜ ಆಗಿ ಕೂತ್ಕೊಳ್ತು.